ಕಾತ್ತಮುತ್ತುವಿನ ಕತ್ತರಿಗೆ ಸಿಕ್ಕ ಹರಕೆ ಮುಡಿ

ಹಾಡು ಕೇಳಿ ಮನುಷ್ಯ ಬದಲಾಗುತ್ತಾನೆಂಬ ಮಾತನ್ನು ತೈಪಿಂಗ್ ಪಟ್ಟಣದ ಕ್ಷೌರಿಕ ಕಾತ್ತಮುತ್ತು ೧೯೭೩ರ ಡಿಸೆಂಬರ್ ೨೫, ಮಂಗಳವಾರದ ಬೆಳಗಿನಿಂದೀಚೆಗೆ ನಂಬಿದವರಲ್ಲ. ಹಾಡಿನಿಂದ ಬದಲಾಗುವುದು ತಲೆಯ ಮೇಲಿನ ಕೂದಲೇ ಹೊರತು ತಲೆಯಲ್ಲ ಎಂದು ಅವರು ತಮ್ಮ ಕುರ್ಚಿಯಲ್ಲಿ ಕುಳಿತವರಿಗೆಲ್ಲ ಹೇಳುತ್ತಿದ್ದರು. ಕುತ್ತಿಗೆಗೆ ಬಿಳಿಯ ಬಟ್ಟೆ ಸುತ್ತಿಸಿಕೊಂಡು, ಗಂಟಲ ಬಳಿ ಕತ್ತಿ ಆಡುತ್ತಿರುವಾಗ ಎದುರು ವಾದಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಆ ಸಿದ್ಧಾಂತ ಐವತ್ತು ವರ್ಷ ಅಬಾಧಿತವಾಗಿ ಬಾಳಿತು.

ಅವರು ಹುಟ್ಟಿದ್ದು ೧೯೫೧ರ ಫೆಬ್ರವರಿ ೧೭, ಶನಿವಾರ, ಪಟ್ಟಣದ ಹೊರಗಿನ ರಬ್ಬರ್ ತೋಟವೊಂದರಲ್ಲಿ, ಕಡಲು ದಾಟಿ ಬಂದ ತಮಿಳು ಕೂಲಿಗಳ ಸಾಲುಮನೆಯಲ್ಲಿ. ತಂದೆ ಸಡೈಯನ್ ತೋಟದವರ ತಲೆ ಬೋಳಿಸಿಯೇ ಸಂಸಾರ ಸಾಗಿಸಿದವರು. ೧೯೬೬ರ ಏಪ್ರಿಲ್ ೧೪ರಂದು, ತಮಿಳರ ವರ್ಷ ಹುಟ್ಟುವ ದಿನ, ಮಾರುಕಟ್ಟೆಯ ಹಿಂಬದಿಯಲ್ಲಿ ಒಂದೇ ಕುರ್ಚಿಯ ಅಂಗಡಿ ತೆರೆದು ಮಗನ ಕೈಗೆ ಬಾಚಣಿಗೆ ಕೊಟ್ಟರು. ಕೊಡುವಾಗಲೇ ಕುಲದ ಕಟ್ಟಳೆಯನ್ನೂ ಹೇಳಿದರು. ತಾನಾಗಿ ಬೆಳೆದದ್ದು ಕೂದಲು, ದೇವರಿಗೆಂದು ಬಿಟ್ಟದ್ದು ಮುಡಿ. ಕೂದಲನ್ನು ಅಂಗಡಿಯಲ್ಲಿ ಹೇಗೆ ಬೇಕಾದರೂ ಕತ್ತರಿಸಬಹುದು. ಮುಡಿಗೆ ಮಾತ್ರ ಅಂಗಡಿಯ ಕತ್ತರಿ ತಾಕಕೂಡದು. ಅದನ್ನು ತೆಗೆಯಬೇಕಾದದ್ದು ಗುಡಿಯ ಮುಂದೆ, ಹೊಸ ಬ್ಲೇಡಿನಿಂದ. ತೆಗೆಯುವ ಮುನ್ನ, ಯಾರ ಸಲುವಾಗಿ ಹರಕೆ ಎಂಬುದನ್ನು ಹೊತ್ತವನು ಕ್ಷೌರಿಕನ ಕಿವಿಯಲ್ಲಿ ಹೇಳಬೇಕು. ತಿಳಿಯದೆ ಮುಡಿಗೆ ಕತ್ತರಿ ಹಾಕಿದ ಕ್ಷೌರಿಕನು ಆ ಹರಕೆಗೆ ಪಾಲುದಾರನಾಗುತ್ತಾನೆ. ಅದು ತೀರುವವರೆಗೆ ಪಥ್ಯವಿದ್ದು, ಅದೇ ಹೆಸರು ಹೇಳಿ ತನ್ನ ತಲೆಯನ್ನೂ ಒಪ್ಪಿಸಬೇಕು. ಸಡೈಯನ್ ಬದುಕಿದ್ದಷ್ಟು ಕಾಲ ಅಂಥ ಪ್ರಸಂಗ ಬರಲಿಲ್ಲ.

ಇನ್ನು ಆ ೧೯೭೩ರ ವಿಚಾರ. ಆಗ ಕಾತ್ತಮುತ್ತುವಿಗೂ ಭುಜದವರೆಗೆ ಕೂದಲಿತ್ತು. ತೋಟದ ಕಡೆಯ ಹುಡುಗರೇ ಸೇರಿ ಕಟ್ಟಿದ, ನೀಲಿ ಲಾಂದ್ರವೆಂದು ಹೆಸರಿಟ್ಟುಕೊಂಡ ಗಿಟಾರಿನ ತಂಡವೊಂದಿತ್ತು; ಅವರ ಸ್ಪೀಕರ್ ಪೆಟ್ಟಿಗೆಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಊರೂರು ತಿರುಗಿದವರಲ್ಲಿ ಇವರೂ ಒಬ್ಬರು. ಅಕ್ಟೋಬರಿನಲ್ಲಿ ಪಕ್ಕದ ತೋಟದಲ್ಲಿ ಕೂಲಿಗಾಗಿ ಮುಷ್ಕರ ನಡೆದಾಗ ತಂಡದವರು ಅದಕ್ಕೆಂದೇ ಒಂದು ಹಾಡು ಕಟ್ಟಿದರು. ರಬ್ಬರ್ ಹಾಲು ಇಳಿಸುವ ಹೆಂಗಸರ ಬಾಯಲ್ಲೆಲ್ಲ ಅದೇ ಹಾಡು. ಹುಡುಗರು ಅದನ್ನು ಹಾಡುತ್ತ ಹೋಗಿ ಕಾರ್ಖಾನೆಯ ಬಾಗಿಲಲ್ಲಿ ಅಡ್ಡ ಕುಳಿತರು. ಇಬ್ಬರು ಕೆಲಸ ಕಳೆದುಕೊಂಡರು. ಡಿಸೆಂಬರ್ ೨೪ರ ಸಂಜೆ, ಕ್ರಿಸ್ಮಸ್ಸಿನ ಮುನ್ನಾದಿನ, ಅದೇ ತಂಡ ಅದೇ ತೋಟದ ಮ್ಯಾನೇಜರನ ಬಂಗಲೆಯಲ್ಲಿ ಅದೇ ಹಾಡನ್ನು ಸ್ವಲ್ಪ ನಿಧಾನ ಮಾಡಿ ಹಾಡಿತು. ಮ್ಯಾನೇಜರನ ಹೆಂಡತಿ ಚಪ್ಪಾಳೆ ತಟ್ಟಿ ಇನ್ನೊಮ್ಮೆ ಎಂದಳು. ಪೆಟ್ಟಿಗೆ ಹೊತ್ತು ತಂದು ಅಡಿಗೆಮನೆಯ ಬಾಗಿಲ ಬಳಿ ನಿಂತಿದ್ದ ಕಾತ್ತಮುತ್ತು ಎಲ್ಲವನ್ನೂ ನೋಡಿದರು. ಮರುದಿನ ಬೆಳಿಗ್ಗೆ ತಂದೆಯ ಕುರ್ಚಿಯಲ್ಲಿ ತಾವಾಗಿಯೇ ಹೋಗಿ ಕುಳಿತರು. ಸಡೈಯನ್ ಎಷ್ಟು ಗಿಡ್ಡ ಎಂದಷ್ಟೇ ಕೇಳಿದರು.

ಅಲ್ಲಿಂದ ಮುಂದಿನದೆಲ್ಲ ಅವರ ಸಂಶಯಕ್ಕೆ ಸಾಕ್ಷಿ ಹೇಳಲೆಂದೇ ನಡೆದಂತಿತ್ತು. ೧೯೯೨ರಲ್ಲಿ ಉದ್ದ ಕೂದಲಿನವರನ್ನು ಟಿವಿಯಲ್ಲಿ ತೋರಿಸುವುದಿಲ್ಲವೆಂದಾದಾಗ, ಬಂಡಾಯದ ಹಾಡು ಹಾಡುತ್ತಿದ್ದವರೇ ಮೊದಲು ಹೋಗಿ ಕತ್ತರಿಸಿಕೊಂಡು ಬಂದರು. ಅವರನ್ನು ನೋಡಿ ಕೂದಲು ಬೆಳೆಸಿದ್ದ ಹುಡುಗರು ಇವರ ಅಂಗಡಿಯ ಮುಂದೆ ಸಾಲುಗಟ್ಟಿದರು. ಆಮೇಲೆ ಕೊರಿಯಾದ ಹುಡುಗರಂತೆ ಹಣೆ ಮುಚ್ಚುವವರು ಬಂದರು, ಕಿವಿಯ ಮೇಲೆ ಗೆರೆ ಕೊರೆಸುವವರು ಬಂದರು. ಫೋನಿನಲ್ಲಿ ಚಿತ್ರ ತೋರಿಸಿ ಹೀಗೆ ಮಾಡಿ ಎನ್ನುವ ಹುಡುಗನಿಗೆ, ಇದನ್ನು ತೆಗೆಸಲು ನೀನು ಯಾವ ತಿಂಗಳ ಎಷ್ಟನೇ ತಾರೀಖು ಬರುತ್ತೀಯೆಂಬುದನ್ನು ಕಾತ್ತಮುತ್ತು ಆಗಲೇ ಹೇಳಿಬಿಡುತ್ತಿದ್ದರು. ಹೆಚ್ಚು ಕಡಿಮೆ ಅದೇ ವಾರ ಅವನು ಬರುತ್ತಿದ್ದ.

೧೯೭೭ರ ಸೆಪ್ಟೆಂಬರ್ ೪ರಂದು ಅವರನ್ನು ಕೈಹಿಡಿದ ಪಾಕ್ಯಂ, ಗಂಡನಿಗೆ ಸಂಶಯವೆಂಬುದು ಊಟದ ಜೊತೆಗಿನ ಉಪ್ಪಿನಕಾಯಿಯಿದ್ದ ಹಾಗೆ ಎನ್ನುತ್ತಿದ್ದರು. ಮನೆಯಲ್ಲಿ ರೇಡಿಯೋ ಇತ್ತು. ಸುದ್ದಿ ಮುಗಿದೊಡನೆ ಅದರ ಬಾಯಿ ಮುಚ್ಚುತ್ತಿತ್ತು.

ಹೀಗಿರುವಾಗ ೨೦೨೪ರ ಜನವರಿ ೧೦, ಬುಧವಾರ ಮಧ್ಯಾಹ್ನ, ಹತ್ತಿರದ ಪ್ರೌಢಶಾಲೆಯಲ್ಲಿ ಶಿಸ್ತು ನೋಡಿಕೊಳ್ಳುವ ಮೇಷ್ಟ್ರು, ಊರಿನವರ ಬಾಯಲ್ಲಿ ಚಿಕ್ಗು, ಜುಲ್ಹೈರಿ ಅಂಗಡಿಗೆ ಬಂದರು. ಕೂದಲು ಬಿಟ್ಟ ಹುಡುಗರನ್ನು ಆ ಶಾಲೆಯವರು ಕಾತ್ತಮುತ್ತುವಿನ ಬಳಿಗೇ ಅಟ್ಟುವುದು ೧೯೯೮ರಿಂದ ನಡೆದುಬಂದ ರೂಢಿ. ಈ ಬಾರಿ ಮೇಷ್ಟ್ರ ಮುಖದಲ್ಲಿ ಗೊಂದಲವಿತ್ತು. ವರ್ಷಾಂತ್ಯದ ರಜೆ ಮುಗಿಸಿ ಬಂದ ಯುಗೇಂದ್ರನ್ ಎಂಬ ಹುಡುಗನ ಕೂದಲು ಕಾಲರು ಮುಟ್ಟುತ್ತಿದೆ. ಕೇಳಿದರೆ ದೇವರ ಹರಕೆ ಎನ್ನುತ್ತಾನೆ. ತಿಂಗಳ ಕೊನೆಗೆ ದೊಡ್ಡ ಪರೀಕ್ಷೆ. ಕೂದಲು ಇಳಿಸದೆ ತರಗತಿಗೆ ಸೇರಿಸಿದರೆ ಉಳಿದವರೂ ಹಿಡಿತಕ್ಕೆ ಸಿಗುವುದಿಲ್ಲ. ಹೊರಗಿಟ್ಟರೆ ಹುಡುಗನ ಓದು ಹೋಗುತ್ತದೆ. ಇಳಿಸಿಬಿಟ್ಟ ಮೇಲೆ ಹರಕೆ ನಿಜವೆಂದು ತಿಳಿದರೆ ಬೇರೆ ಧರ್ಮದವನಾದ ತನ್ನ ಮೇಲೆ ಮಾತು ಬರುತ್ತದೆ. ಇಷ್ಟನ್ನೂ ವಿವರಿಸಿ ಮೇಷ್ಟ್ರು ಕೊನೆಗೆ ಹೇಳಿದರು:

"ನೋಡಿ ಅಣ್ಣೆ, ನಿಮ್ಮ ಜನ, ನಿಮ್ಮ ದೇವರು. ನಿಜವಾದ ಹರಕೆ ಆದ್ರೆ ನಾನು ಮುಟ್ಟಲ್ಲ. ಸುಳ್ಳಾದ್ರೆ ನೀವೇ ಮುಗಿಸಿಬಿಡಿ. ನಿಮ್ಮ ಮಾತೇ ಕೊನೆ."

ಕಾತ್ತಮುತ್ತು ಆಗಲೇ ತೀರ್ಮಾನ ಮಾಡಿಯಾಗಿತ್ತು. ಎದುರಿನ ಕಾಫಿ ಅಂಗಡಿಯ ಗೋಡೆಯ ಮೇಲೆ ಸಿಂಪಾಂಗ್ ಸೀಲನ್ ಎಂಬ ಹಾಡುಗಾರನ ಚಿತ್ರ ಅಂಟಿಸಿದ್ದರು. ಮಾತಾಡಿದಂತೆಯೇ ಹಾಡುವ, ಹಾಡಿದಂತೆಯೇ ಬೈಯುವ ಈಗಿನ ತಮಿಳು ಹಾಡುಗಾರರಲ್ಲಿ ಅವನೊಬ್ಬ, ಪಕ್ಕದ ಸಿಂಪಾಂಗಿನವನೇ. ಅವನ ಕೂದಲೂ ಕಾಲರಿನಿಂದ ಕೆಳಗೆ ಇಳಿದಿತ್ತು. ಹರಕೆಯೆಂಬುದು ಹೊಸ ಉಪಾಯ, ಅಷ್ಟೇ ಎಂದುಕೊಂಡರು.

ಮರುದಿನ ಗುರುವಾರ ಶಾಲೆ ಬಿಟ್ಟ ಮೇಲೆ ಹುಡುಗ ಬಂದ. ಅಂಗಡಿಯ ಬೆಂಚಿನಲ್ಲಿ, ರೈಲ್ವೆಯಿಂದ ನಿವೃತ್ತರಾದ ಸಿನ್ನಯ್ಯ ಎಂದಿನಂತೆ ಪತ್ರಿಕೆ ಹರಡಿಕೊಂಡಿದ್ದರು. ಕ್ಷೌರಕ್ಕಲ್ಲ, ಫ್ಯಾನಿನ ಗಾಳಿಗಾಗಿ. ಯುಗೇಂದ್ರನ್ ಕಡ್ಡಿಯಂಥ ಮೈಯವನು. ಕುರ್ಚಿಯಲ್ಲಿ ಕುಳಿತು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳದೆ ಕಾತ್ತಮುತ್ತುವನ್ನೇ ನೋಡಿದ. ಅದೂ ಅವರಿಗೆ ಸಂಶಯಾಸ್ಪದವಾಗಿಯೇ ಕಂಡಿತು.

ವಿಚಾರಣೆ ಶುರುವಾಯಿತು. ಯಾವ ದೇವರಿಗೆಂದರೆ ಮುರುಗನಿಗೆ, ಅವನ ಹಬ್ಬವಾದ ತೈಪೂಸದ ದಿನ ಕೊಡುತ್ತೇನೆ ಎಂದ. ಎಂದಿನಿಂದ ಎಂದರೆ ನವೆಂಬರ್ ಹತ್ತೊಂಬತ್ತು, ಭಾನುವಾರದಿಂದ ಎಂದ. ತಾರೀಖು ವಾರ ಎರಡನ್ನೂ ತಡವರಿಸದೆ ಹೇಳಿದ್ದರಿಂದ ಕಾತ್ತಮುತ್ತುವಿಗೆ ಒಂದು ಕ್ಷಣ ಅವನ ಮೇಲೆ ಗೌರವ ಬಂತು. ಮರುಕ್ಷಣವೇ, ಸುಳ್ಳು ಹೇಳಲು ಬಂದವನು ತಾರೀಖನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾನೆ ಎನ್ನಿಸಿತು. ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ವಿಚಾರಿಸಿದರು. ಅಮ್ಮ ಕೈಗವುಸಿನ ಕಾರ್ಖಾನೆಗೆ ದಿನವೂ ಹೋಗುತ್ತಾಳೆ, ಅಪ್ಪ ಲಾರಿ ಓಡಿಸುತ್ತಾನೆ, ಅಜ್ಜಿ ಇನ್ನೂ ಬಾವಿಯಿಂದ ನೀರು ಸೇದುತ್ತಾಳೆ. ಕಾಯಿಲೆಯವರೇ ಇಲ್ಲ.

"ಮತ್ತೆ ಯಾರ ಸಲುವಾಗಿ?"

"ಗುಡೀಲಿ ಹೇಳ್ತೀನಿ ತಾತಾ. ಕಿವೀಲಿ. ಹಾಗೇ ಅಲ್ವಾ ಹೇಳೋದು?"

ಕಟ್ಟಳೆಯನ್ನು ತನಗೇ ತಿರುಗಿಸಿ ಹೇಳುವ ಹುಡುಗನನ್ನು ಕಂಡು ಕಾತ್ತಮುತ್ತುವಿನ ತಾಳ್ಮೆ ತಪ್ಪಿತು. ಅಷ್ಟರಲ್ಲಿ ಬಟ್ಟೆಯ ಅಂಚಿನಲ್ಲಿ ಹುಡುಗನ ಮಣಿಕಟ್ಟು ಕಂಡಿತು: ಅಲ್ಲಿ ಶಾಯಿಯಲ್ಲಿ ಸೀಲನ್ ಎಂದು ಬರೆದಿತ್ತು. ಇನ್ನು ಸಾಕ್ಷಿಯ ಅಗತ್ಯವಿಲ್ಲವೆಂದುಕೊಂಡ ಅವರು ಕಿವಿಯ ಹಿಂದಿನ ಕೂದಲನ್ನು ಎರಡು ಬೆರಳಿನ ನಡುವೆ ಎತ್ತಿ ಹಿಡಿದು ಕತ್ತರಿ ಹಾಕಿದರು.

ಬಟ್ಟೆಯಡಿಯಿಂದ ಹುಡುಗನ ಕೈ ಹೊರಬಂದು, ನೆಲಕ್ಕೆ ಬೀಳುವ ಮೊದಲೇ ಆ ಎಳೆಗಳನ್ನು ಹಿಡಿಯಿತು. ಜೇಬಿನಿಂದ ಕರವಸ್ತ್ರ ತೆಗೆದು, ಅದರಲ್ಲಿ ಇಟ್ಟು, ಕಣ್ಣಿಗೊತ್ತಿಕೊಂಡು ಮಡಚಿದ. ಐವತ್ತು ವರ್ಷಗಳಲ್ಲಿ ಆ ಕುರ್ಚಿಯ ಸುತ್ತ ಬಿದ್ದ ಕೂದಲನ್ನು ಯಾರೂ ಎತ್ತಿಕೊಂಡಿರಲಿಲ್ಲ. ಕಾತ್ತಮುತ್ತುವಿನ ಕತ್ತರಿ ಗಾಳಿಯಲ್ಲೇ ನಿಂತಿತು. ಕುರ್ಚಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಇನ್ನೊಮ್ಮೆ, ಈ ಸಲ ದನಿ ತಗ್ಗಿಸಿ ಕೇಳಿದರು. ಹುಡುಗ ಬೆಂಚಿನ ಕಡೆ ಒಮ್ಮೆ ನೋಡಿ, ಹೇಳಬೇಕಾದ್ದನ್ನು ಹೇಳಿದ.

"ಸೀಲನ್ ಅಣ್ಣನ ಸಲುವಾಗಿ."

ಸಿನ್ನಯ್ಯನವರ ಪತ್ರಿಕೆ ಕೆಳಗಿಳಿಯಿತು. ಆಗ ಒಂದೊಂದಾಗಿ ವಿಷಯ ಹೊರಬಿತ್ತು. ನವೆಂಬರ್ ೧೮, ಶನಿವಾರ, ಸೀಲನ್ನನ ಬೈಕಿಗೆ ಲಾರಿ ಬಡಿದಿತ್ತು. ಈಪೋ ಪಟ್ಟಣದ ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆಯಿಲ್ಲವೆಂದು ತಿಳಿದು ಯುಗೇಂದ್ರನೂ ಬೇರೆ ಶಾಲೆಗಳಲ್ಲಿದ್ದ ಅವನ ಗೆಳೆಯರೂ ಬಸ್ಸು ಹತ್ತಿ ಹೋದರು. ನೀವು ಯಾರು, ಸಂಬಂಧಿಕರೇ ಎಂದು ಕೇಳಿ ಆಸ್ಪತ್ರೆಯವರು ಬಾಗಿಲಲ್ಲೇ ತಡೆದರು. ಅಲ್ಲವೆಂದ ಮೇಲೆ ಒಳಗೆ ಬಿಡುವುದು ಹೇಗೆ? ಮರುದಿನ, ಮತ್ತೆ ಏನು ಮಾಡುವುದೆಂದು ತೋಚದೆ, ಮುರುಗನ ಗುಡಿಗೆ ಹೋಗಿ ಹರಕೆ ಹೊತ್ತರು. ಹರಕೆ ಹೊರಲು ಯಾರು ಹೇಳಿದರು, ಸೀಲನ್ನನ ಕಡೆಯವರೇ, ಫೋನಿನಲ್ಲಿ ಸುದ್ದಿ ಹರಡಿದರೇ ಎಂದು ಕಾತ್ತಮುತ್ತು ಬಗೆಬಗೆಯಾಗಿ ಕೆದಕಿದರು. ಯಾರೂ ಹೇಳಿರಲಿಲ್ಲ. ಹೊರಗೆ ತಿಳಿದರೆ ನಗುತ್ತಾರೆಂದು ತಮ್ಮ ತಮ್ಮ ಮನೆಗಳಲ್ಲೂ ಮುಚ್ಚಿಟ್ಟಿದ್ದರು.

ಮುಡಿಗೆ ಕತ್ತರಿ ಹಾಕಿದೆನೆಂಬ ಅಳುಕು, ಹಾಡುವವನಿಗಾಗಿ ದೇವರನ್ನು ಎಳೆತಂದರಲ್ಲ ಎಂಬ ಸಿಟ್ಟು, ಎರಡೂ ಕೂಡಿ ಕಾತ್ತಮುತ್ತುವಿನ ದನಿ ಏರಿತು.

"ಮುರುಗನೇನು ರೇಡಿಯೋ ಸ್ಟೇಷನ್ನೇನೋ, ಹಾಡೋರ ಹೆಸರಲ್ಲೆಲ್ಲ ಚೀಟಿ ತಗೊಳ್ಳೋಕೆ? ಅಪ್ಪ ಅಮ್ಮನಿಗೆ ಹೊರ್ತಾರೆ, ಮಕ್ಕಳಿಗೆ ಹೊರ್ತಾರೆ. ಇವನು ನಿನಗೇನಾಗ್ಬೇಕು?"

"ಏನಾಗ್ಬೇಕು ಅಂತ ಮುರುಗ ಕೇಳಲಿಲ್ಲ ತಾತಾ. ಆಸ್ಪತ್ರೆಯವರು ಕೇಳಿದ್ರು. ಈಗ ನೀವು ಕೇಳ್ತಿದ್ದೀರಿ."

ಸಿನ್ನಯ್ಯ ಕೆಮ್ಮಿ ಪತ್ರಿಕೆಯನ್ನು ಮತ್ತೆ ಮುಖಕ್ಕೆ ಹಿಡಿದುಕೊಂಡರು. ಕಾತ್ತಮುತ್ತು ಕತ್ತರಿಯನ್ನು ಕೆಳಗಿಟ್ಟು, ಆ ಹಾಡು ನಿನ್ನನ್ನು ಅಷ್ಟೇನು ಉದ್ಧಾರ ಮಾಡಿತು ಎಂದು ಕೇಳಿದರು. ಹುಡುಗ ಯೋಚಿಸಿ ಹೇಳಿದ. ಎರಡು ವರ್ಷದ ಹಿಂದೆ ಶಾಲೆ ಬಿಟ್ಟು ದೂರದ ಕ್ಲಾಂಗ್ ಪಟ್ಟಣಕ್ಕೆ ಹೊರಟಿದ್ದನಂತೆ. ಕರೆದವರು ಒಳ್ಳೆಯ ಜನರೇನೂ ಅಲ್ಲ. ಬಟ್ಟೆಯ ಚೀಲ ಸಿದ್ಧವಾಗಿತ್ತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಸೀಲನ್ನನ ಹಾಡೊಂದು ಬರುತ್ತಿತ್ತು; ಕಾರ್ಖಾನೆಯ ಗೇಟಿನಲ್ಲಿ ಕೆಲಸ ಮುಗಿಸಿ ನಿಂತ ತಾಯಿಯನ್ನು ಕರೆದೊಯ್ಯಲು ಮಗ ಬಾರದ ಸಂಗತಿ.

"ಅದನ್ನ ಕೇಳಿ ನಾನೇನು ಒಳ್ಳೆಯವನಾಗ್ಲಿಲ್ಲ ತಾತಾ. ಹೋಗೋನಿದ್ದೆ, ಹೋಗ್ಲಿಲ್ಲ. ಅಷ್ಟೇ."

ಕಾತ್ತಮುತ್ತು ಬಟ್ಟೆ ಬಿಚ್ಚಿ ಕೊಡವಿ, ಉಳಿದ ಕೂದಲನ್ನು ಮುಟ್ಟದೆ ಹುಡುಗನನ್ನು ಕಳುಹಿಸಿದರು. ಅವನು ಹೇಳಿದ್ದನ್ನು ಅವರು ಪೂರ್ತಿ ನಂಬಲಿಲ್ಲ. ಬಸ್ಸು ತಪ್ಪಿರಬಹುದು, ಅಪ್ಪ ಎರಡೇಟು ಬಿಗಿದಿರಬಹುದು, ಹುಡುಗರು ಆಮೇಲೆ ಎಲ್ಲವನ್ನೂ ಹಾಡಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಆದರೆ ಹಾಡನ್ನು ನಂಬದಿರುವುದು ಒಂದು, ಹರಕೆಯನ್ನು ನಂಬದಿರುವುದು ಇನ್ನೊಂದು. ತಂದೆ ಹೇಳಿದ ಕಟ್ಟಳೆಯಲ್ಲಿ, ಹರಕೆ ಯೋಗ್ಯನಾದವನ ಸಲುವಾಗಿಯೇ ಇರಬೇಕೆಂಬ ಷರತ್ತು ಎಲ್ಲಿಯೂ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ.

ಸಿನ್ನಯ್ಯನವರಿಗೆ ಈಗ ಕಟ್ಟಳೆಯ ಇನ್ನೊಂದು ಭಾಗ ನೆನಪಾಯಿತು. ಕಾತ್ತಮುತ್ತುವಿನ ತಲೆ ೧೯೯೫ರಿಂದಲೇ ನುಣ್ಣಗಾಗಿ, ಕಿವಿಗಳ ಮೇಲೆ ಮಾತ್ರ ಬಿಳಿಯ ಹತ್ತಿಯಂತೆ ಒಂದಿಷ್ಟು ಉಳಿದಿತ್ತು. ಅದನ್ನೇ ದಿಟ್ಟಿಸಿ ಸಿನ್ನಯ್ಯ ಕೇಳಿದರು:

"ಪಾಲುದಾರ ಆದೆಯಲ್ಲಪ್ಪ. ಮುರುಗನಿಗೆ ಏನು ಕೊಡ್ತೀಯ? ಮೀಸೆ ತಗೋತಾನಾ ಕೇಳು."

ಮನೆಯಲ್ಲಿ ಪಾಕ್ಯಂ ಆ ಸಂಜೆ ಮೀನಿನ ಸಾರು ಮಾಡಿದ್ದರು. ಇಂದಿನಿಂದ ತೈಪೂಸದವರೆಗೆ ಮೀನು ಮಾಂಸ ತನಗೆ ಬೇಡವೆಂದು ಗಂಡ ಹೇಳಿದಾಗ ಕಾರಣ ಕೇಳಿ ತಿಳಿದು, ಅವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ಮದುವೆಯಾಗಿ ನಲವತ್ತಾರು ವರ್ಷ. ಒಂದು ಹಾಡು ಕೇಳೋಕೆ ಬಿಡಲಿಲ್ಲ. ಈಗ ಹಾಡೋನಿಗೇ ಪಥ್ಯ ಮಾಡ್ತೀರಾ?" ಎಂದರು. ಕಾತ್ತಮುತ್ತು ಬರೀ ಅನ್ನಕ್ಕೆ ಮೊಸರು ಕಲಸಿಕೊಂಡರು.

ಜನವರಿ ೧೨, ಶುಕ್ರವಾರ, ಅಂಗಡಿಗೆ ಬಾಗಿಲು ಹಾಕಿಕೊಂಡು ಅವರು ಶಾಲೆಗೆ ನಡೆದರು. ದಾರಿಯುದ್ದಕ್ಕೂ ಒಂದು ಸುಲಭದ ಉಪಾಯ ಅವರ ಬೆನ್ನು ಹತ್ತಿತ್ತು: ಹರಕೆ ನಿಜ ಎಂದಷ್ಟೇ ಹೇಳಿ ಹಿಂದಿರುಗುವುದು. ಮೇಷ್ಟ್ರು ಒಪ್ಪಿಕೊಳ್ಳುತ್ತಾರೆ, ಮಾತು ಮುಗಿಯುತ್ತದೆ. ಆದರೆ ಜುಲ್ಹೈರಿ ಒಪ್ಪಿಕೊಳ್ಳುವ ಮೊದಲು, ಹುಡುಗನ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ಸೌಜನ್ಯಕ್ಕೆಂದೇ ಕೇಳಿದರು. ಅಜ್ಜಿಗೆ ಎಂದುಬಿಟ್ಟರೆ ಆಗುತ್ತಿತ್ತು. ಬಾವಿಯಿಂದ ನೀರು ಸೇದುವ ಆ ಅಜ್ಜಿಯ ತಲೆಯ ಮೇಲೆ ಇಲ್ಲದ ಕಾಯಿಲೆ ಹೊರಿಸಲು ಕಾತ್ತಮುತ್ತುವಿಗೆ ನಾಲಗೆ ಬರಲಿಲ್ಲ.

"ಮನೇಲಿ ಯಾರಿಗೂ ಏನೂ ಆಗಿಲ್ಲ ಚಿಕ್ಗು. ಹಾಡೋನೊಬ್ಬ ಆಸ್ಪತ್ರೇಲಿದ್ದ. ಅವನಿಗೆ."

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಇದು ತಮಾಷೆಯಲ್ಲವಷ್ಟೇ ಎಂದು ಖಚಿತಪಡಿಸಿಕೊಂಡರು. ಇವತ್ತು ಇವನನ್ನು ಬಿಟ್ಟರೆ ನಾಳೆ ಶಾಲೆಯ ಅರ್ಧದಷ್ಟು ಹುಡುಗರು ಒಬ್ಬೊಬ್ಬ ಹಾಡುಗಾರನ ಹೆಸರು ಹೇಳಿ ಜಡೆ ಬಿಡುತ್ತಾರೆ ಎಂದರು. ಅದು ಕಾತ್ತಮುತ್ತುವಿನದೇ ಮಾತು. ಬೇರೆ ದಿನವಾಗಿದ್ದರೆ ಅವರೇ ಹೇಳುತ್ತಿದ್ದರು.

"ಹಾಡೋನಿಗೆ ಹೊತ್ತದ್ದು ಹರಕೆನಾ ಅಣ್ಣೆ? ನೀವೇ ಹೇಳಿ."

"ನನ್ನ ಮನಸ್ಸನ್ನ ಕೇಳಿದ್ರೆ ಅಲ್ಲ. ಆದ್ರೆ ನಾನು ಕೂದಲು ತೆಗೆಯೋನು ಚಿಕ್ಗು, ಹರಕೆ ತಗೊಳ್ಳೋನಲ್ಲ. ಅವನು ಮುಡಿ ಅಂತಲೇ ಬಿಟ್ಟಿದ್ದಾನೆ. ಅದನ್ನ ನಾನು ಕಣ್ಣಾರೆ ನೋಡಿದೆ."

ಜುಲ್ಹೈರಿ ಬಹಳ ಹೊತ್ತು ಮೇಜಿನ ಮೇಲಿನ ಬೆತ್ತವನ್ನು ಆಚೆಯಿಂದೀಚೆಗೆ ಉರುಳಿಸಿದರು. ಕೊನೆಗೆ ಹುಡುಗ ತರಗತಿಗೆ ಬರಬಹುದು, ಆದರೆ ತೈಪೂಸದ ಮರುದಿನ, ಇಪ್ಪತ್ತಾರನೆಯ ತಾರೀಖು ಬೆಳಿಗ್ಗೆ ತಲೆ ಬೋಳಾಗಿರಬೇಕು ಎಂದರು. ಆಗಿರದಿದ್ದರೆ ಹುಡುಗನನ್ನು ಹೊರಗೆ ಹಾಕುವುದಷ್ಟೇ ಅಲ್ಲ, ಇನ್ನು ಮುಂದೆ ಯಾವ ವಿಷಯದಲ್ಲೂ ಕಾತ್ತಮುತ್ತುವಿನ ಮಾತು ಕೇಳುವುದಿಲ್ಲ ಎಂದೂ ಸೇರಿಸಿದರು. ಕಾತ್ತಮುತ್ತು ಒಪ್ಪಿದರು. ಒಪ್ಪಿ ಹಿಂದಿರುಗುವಾಗ ಅವರಿಗೆ ಹೊಸ ಚಿಂತೆ ಹತ್ತಿತು. ಸೀಲನ್ ಆಸ್ಪತ್ರೆಯಿಂದ ಮನೆಗೆ ಬಂದನೆಂದು ಹುಡುಗ ಹೇಳಿದ್ದ. ಹಾಡುವವರ ಚಾಳಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ತೈಪೂಸದೊಳಗೆ ಅವನು ಏನೋ ಒಂದು ಮಾಡಿ ಈ ಹುಡುಗರ ಮುಖಕ್ಕೆ ತಣ್ಣೀರು ಎರಚುತ್ತಾನೆ; ಹುಡುಗ ರೋಸಿಹೋಗಿ ಹರಕೆಯನ್ನೇ ಕೈಬಿಡುತ್ತಾನೆ; ಆಗ ಮೇಷ್ಟ್ರ ಮುಂದೆ ಹೋಗಿ ನಿಲ್ಲುವವರು ಯಾರು?

ಜನವರಿ ೨೫, ಗುರುವಾರ, ತೈಪೂಸ. ಬೆಳಗಿನ ಜಾವದಿಂದಲೇ ಉರುಮಿ ವಾದ್ಯಗಳ ಮೊರೆತ. ಮುಡಿ ತೆಗೆಯುವವರಿಗೆಂದು ಗುಡಿಯ ಪಕ್ಕದಲ್ಲಿ ತಗಡಿನ ಚಪ್ಪರ ಹಾಕಿದ್ದರು. ಕಾತ್ತಮುತ್ತು ಪ್ರತಿ ವರ್ಷದಂತೆ ಹೊಸ ಬ್ಲೇಡು, ಹಿತ್ತಾಳೆಯ ಬಟ್ಟಲು, ಅರೆದ ಗಂಧ ಇಟ್ಟುಕೊಂಡು ಕುಳಿತರು. ಪಕ್ಕದ ಮಣೆಯಲ್ಲಿ ಬಾಗಾನ್ ಸೆರಾಯ್ ಊರಿನಿಂದ ಬಂದ ಕ್ಷೌರಿಕ ವೀರಪ್ಪನ್ ಇದ್ದ; ಕಿವಿ ಸ್ವಲ್ಪ ಮಂದ.

ಯು‌ಗೇಂದ್ರನ್ ಬಂದ. ಅವನ ಹಿಂದೆ ಇನ್ನೂ ಹುಡುಗರು ಬಂದರು. ಕಾತ್ತಮುತ್ತು ಎಣಿಸಿದ್ದಕ್ಕಿಂತ ಹೆಚ್ಚೇ ಇದ್ದರು, ಎಲ್ಲರೂ ಬೇರೆ ಬೇರೆ ಶಾಲೆಗಳವರು. ಎಲ್ಲರ ಮೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಯಾರ ಕೈಯಲ್ಲಾದರೂ ಫೋನಿದೆಯೇ, ಯಾರಾದರೂ ಚಿತ್ರ ತೆಗೆಯುತ್ತಿದ್ದಾರೆಯೇ ಎಂದು ಅವರು ಕಣ್ಣಾಡಿಸಿದರು. ಇರಲಿಲ್ಲ. ಯುಗೇಂದ್ರನ್ ಮೊದಲು ಮಣೆಯ ಮುಂದೆ ಕುಳಿತು, ಕರವಸ್ತ್ರ ಬಿಚ್ಚಿ ಆ ಎಳೆಗಳನ್ನು ಬಟ್ಟಲಿಗೆ ಹಾಕಿದ. ಅವರ ಕಿವಿಗೆ ಬಾಯಿ ತಂದು ಹೆಸರು ಹೇಳಿದ. ಕಾತ್ತಮುತ್ತು ತಲೆಯಾಡಿಸಿ, ನೆತ್ತಿಗೆ ನೀರು ತಟ್ಟಿ ಬ್ಲೇಡು ಆಡಿಸಿದರು.

ತಲೆಯ ಅರ್ಧ ಆಗಿತ್ತು. ಚಪ್ಪರದ ಆಚೆ ಗದ್ದಲವೆದ್ದಿತು. ಊರುಗೋಲು ಹಿಡಿದು, ಇಬ್ಬರು ಗೆಳೆಯರ ಭುಜಕ್ಕೆ ಒರಗಿ, ಸೀಲನ್ ಬರುತ್ತಿದ್ದ. ಮುಂದೆ ಒಬ್ಬ ಫೋನು ಎತ್ತಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ. ಎಣ್ಣೆ ಹಚ್ಚಿ ಬಾಚಿದ ಕೂದಲು ಭುಜದ ಮೇಲೆ ಫಳಫಳಿಸುತ್ತಿತ್ತು. ಸೀಲನ್ ಅರ್ಧ ಬೋಳಾದ ಹುಡುಗನನ್ನು, ಬೋಳಾಗಲಿರುವ ಹುಡುಗರನ್ನು ನೋಡಿ ಕಣ್ಣೀರು ಹಾಕಿದ. ಅದು ಸುಳ್ಳು ಕಣ್ಣೀರಲ್ಲವೆಂದು ಕಾತ್ತಮುತ್ತುವಿಗೂ ತೋರಿತು. ಫೋನು ಹಿಡಿದವನು ಇನ್ನೂ ಹತ್ತಿರ ಬಂದದ್ದೂ ಕಂಡಿತು.

ಅವರು ಬ್ಲೇಡು ತೊಳೆದು, ಎದುರಿನ ಖಾಲಿ ಮಣೆಯನ್ನು ತೋರಿಸಿ, ಬಂದದ್ದು ಒಳ್ಳೆಯದಾಯಿತು, ಬದುಕಿ ಬಂದವನೂ ಒಂದು ಮುಡಿ ಕೊಟ್ಟುಬಿಡಲಿ ಎಂದರು. ಸೀಲನ್ ತನಗೆ ತಿಳಿಯದೆಯೇ ಕೂದಲ ಮೇಲೆ ಕೈಯಿಟ್ಟುಕೊಂಡ.

"ತಾತಾ, ಶನಿವಾರ ಈಪೋದಲ್ಲಿ ಶೋ ಇದೆ. ಕೂದಲು ಇಲ್ದಿದ್ರೆ ಜನಕ್ಕೆ ನಾನು ಯಾರು ಅಂತಾನೇ ಗೊತ್ತಾಗಲ್ಲ. ಮುಂದಿನ ವರ್ಷ ಖಂಡಿತ."

ಕಾತ್ತಮುತ್ತು ಸೀಲನ್ನನನ್ನು ನೋಡಲಿಲ್ಲ. ತಮ್ಮ ಕೈಕೆಳಗಿನ ಹುಡುಗನ ಮುಖವನ್ನೇ ನೋಡಿದರು. ಅರ್ಧ ಬೋಳಾದ ತಲೆ, ಮಣಿಕಟ್ಟಿನಲ್ಲಿ ಮಾಸಿದ ಶಾಯಿ. ಈಗ ಎದ್ದು ಹೋಗುತ್ತಾನೆ ಎಂದುಕೊಂಡರು. ಎದ್ದು ಹೋದರೂ ಅವನ ತಪ್ಪೆನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ಹುಡುಗ ಸೀಲನ್ನನ ಕಾಲಿನ ಕಡೆ ನೋಡುತ್ತಿದ್ದ. ಊರುಗೋಲಿನ ಕಡೆ, ನೆಲ ಊರಿದ ಪಾದದ ಕಡೆ. ಆಮೇಲೆ ತಲೆ ಬಗ್ಗಿಸಿ, ಕಿವಿಯ ಹಿಂದೆ ಇನ್ನೂ ಉಳಿದಿದೆ ತಾತಾ ಎಂದ. ಬೇಸರವಾಗಲಿಲ್ಲವೇನೋ ಎಂದು ಕಾತ್ತಮುತ್ತು ಅವನಿಗೆ ಮಾತ್ರ ಕೇಳುವಂತೆ ಕೇಳಿದರು.

"ಯಾಕೆ ತಾತಾ? ಎದ್ದು ಓಡಾಡ್ತಿದ್ದಾರಲ್ಲ. ಅದಕ್ಕೆ ತಾನೇ ಹೊತ್ತದ್ದು. ಅವರ ಕೂದಲಿಗಲ್ಲವಲ್ಲ."

ಉಳಿದದ್ದನ್ನು ತೆಗೆದು, ಗಂಧ ಬಳಿದು, ಅವನನ್ನು ಎಬ್ಬಿಸಿದರು. ಒಬ್ಬರ ಹಿಂದೊಬ್ಬರು ಕುಳಿತರು. ಒಬ್ಬನೂ ಸಾಲು ಬಿಟ್ಟು ಹೋಗಲಿಲ್ಲ. ಪ್ರತಿಯೊಬ್ಬನೂ ಅದೇ ಹೆಸರನ್ನು ಅವರ ಕಿವಿಯಲ್ಲಿ ಹೇಳಿ ತಲೆ ಬಗ್ಗಿಸಿದ. ಅಷ್ಟರಲ್ಲಿ ಸೀಲನ್ನನ ಗುಂಪು ಫೋನಿನ ಹಿಂದೆ ಹಿಂದೆಯೇ ಗುಡಿಯ ಬಾಗಿಲ ಕಡೆಗೆ ಸರಿದಿತ್ತು. ಈ ಹುಡುಗರನ್ನು ಹಾಡು ಕಟ್ಟಿಹಾಕಿತೋ, ಅಥವಾ ಹಾಡಿನ ನೆಪದಲ್ಲಿ ಇವರೇ ತಮ್ಮನ್ನು ಕಟ್ಟಿಹಾಕಿಕೊಂಡರೋ ಎಂಬುದು ಕಾತ್ತಮುತ್ತುವಿಗೆ ಬಗೆಹರಿಯಲಿಲ್ಲ. ಹಾಡಿನ ಮೇಲಿನ ಗುಮಾನಿ ಕಡಿಮೆಯಾಗಲಿಲ್ಲ. ಹಾಡುಗಾರನ ಮೇಲಿನದು ಇನ್ನಷ್ಟು ಹೆಚ್ಚಿತು. ಆ ಹುಡುಗರ ಮೇಲೆ ಮಾತ್ರ ಎಷ್ಟು ಹುಡುಕಿದರೂ ಸಂಶಯಕ್ಕೆ ಎಡೆ ಸಿಗಲಿಲ್ಲ.

ಕೊನೆಯ ಹುಡುಗ ಎದ್ದ ಮೇಲೆ ಅವರು ಕೈ ತೊಳೆದು, ತಲೆಗೆ ನೀರು ಸುರಿದುಕೊಂಡು, ವೀರಪ್ಪನ್ ಮುಂದೆ ಕುಳಿತರು. ಸಿನ್ನಯ್ಯ ಹುಡುಗರ ನಡುವೆ ಜಾಗ ಮಾಡಿಕೊಂಡು ಆಗಲೇ ಬಂದು ನಿಂತಿದ್ದರು. ವೀರಪ್ಪನ್ ಆ ನುಣುಪಾದ ನೆತ್ತಿಯನ್ನೂ ಕಿವಿಗಳ ಮೇಲಿನ ಬಿಳಿಯ ಎಳೆಗಳನ್ನೂ ನೋಡಿ, ನಗಬಾರದೆಂದು ತುಟಿ ಬಿಗಿದುಕೊಂಡು, ಕಿವಿ ಒಡ್ಡಿದ. ಕಾತ್ತಮುತ್ತು ಬಗ್ಗಿ ಹೆಸರು ಹೇಳಿದರು. ಅವನಿಗೆ ಕೇಳಿಸಲಿಲ್ಲ, ಯಾರು ಎಂದ. ಇನ್ನೊಮ್ಮೆ ಹೇಳಿದರು. ಉರುಮಿಯ ಸದ್ದಿನಲ್ಲಿ ಅದೂ ಹೋಯಿತು.

"ಸಿಂಪಾಂಗ್ ಸೀಲನ್" ಎಂದರು ಕಾತ್ತಮುತ್ತು, ಚಪ್ಪರಕ್ಕೆಲ್ಲ ಕೇಳುವಂತೆ.

ಬೋಳು ತಲೆಯ ಹುಡುಗರೆಲ್ಲ ತಿರುಗಿ ನೋಡಿದರು.

"ಹೆಸರು ಹೇಳಿದೀನಿ, ಅಷ್ಟೇ," ಎಂದರು ಕಾತ್ತಮುತ್ತು ಹುಡುಗರ ಕಡೆ ನೋಡದೆ. "ಅವನ ಹಾಡು ಒಂದೂ ಕೇಳಿಲ್ಲ. ಕೇಳೋದೂ ಇಲ್ಲ. ವೀರಪ್ಪ, ಬಲಗಿವಿಯಿಂದ ಶುರುಮಾಡು."